ಪ್ಲಾಸ್ಟಿಕ್ ಕಸದಿಂದ ಎಣ್ಣೆ: ಪಂಚಾಯಿತಿ ಮಟ್ಟದಲ್ಲಿ ಆಗುವ ಕೆಲಸವೇ?

ಪ್ರಶ್ನೆ: ನಮ್ಮ ಗ್ರಾಮ ಪಂಚಾಯಿತಿಯ ಸ್ವಚ್ಛ ಸಂಕೀರ್ಣಕ್ಕೆ ದಿನಕ್ಕೆ 60–70 ಕಿಲೊ ಪ್ಲಾಸ್ಟಿಕ್ ಬರುತ್ತದೆ. ಬಾಟಲಿ, ಬಕೆಟ್ಟುಗಳನ್ನು ಗುಜರಿಯವರು ಒಯ್ಯುತ್ತಾರೆ. ಕವರು, ಚಿಪ್ಸ್ ಪೊಟ್ಟಣ, ಗುಟ್ಕಾ ಚೀಟಿ ಎಂದು ದಿನಕ್ಕೆ 40 ಕಿಲೊ ನಮ್ಮಲ್ಲೇ ಉಳಿಯುತ್ತದೆ. ಡ್ರಮ್ಮಿಗೆ ಪ್ಲಾಸ್ಟಿಕ್ ತುಂಬಿ ಕೆಳಗೆ ಬೆಂಕಿ ಕೊಟ್ಟು ಡೀಸೆಲ್ ತೆಗೆಯುವ ವಿಡಿಯೊ ನೋಡಿದೆವು. ಕಿಲೊಗೆ ಒಂದು ಲೀಟರ್ ಎನ್ನುತ್ತಾರೆ. ಕಸದ ಗಾಡಿಗೂ ಟ್ರ್ಯಾಕ್ಟರಿಗೂ ಅದನ್ನೇ ಹಾಕಬಹುದೇ? ಘಟಕಕ್ಕೆ ಏನೇನು ಬೇಕು, ಎಲ್ಲಿ ಎಡವುತ್ತಾರೆ? ಪೆಟ್ರೋಲು ಡೀಸೆಲ್ಲಿಗೆ ಇದು ಪರ್ಯಾಯವಾಗುತ್ತದೆಯೇ?

ಉತ್ತರ: ವಿಡಿಯೊ ಸುಳ್ಳಲ್ಲ. ಗಾಳಿ ಸೇರದಂತೆ ಮುಚ್ಚಿದ ಹಂಡೆಯಲ್ಲಿ ಪ್ಲಾಸ್ಟಿಕ್ ಕಾಯಿಸಿದರೆ ಎಣ್ಣೆ ಬಂದೇ ಬರುತ್ತದೆ. ಕಿಲೊಗೆ ಲೀಟರ್ ಎಂಬ ಮಾತಿಗೂ ಬುಡವಿದೆ. ಒಣಗಿದ, ಶುದ್ಧವಾದ ಒಂದು ಕಿಲೊ ಪಾಲಿಪ್ರೊಪಿಲೀನ್ (ಒಂದು ಜಾತಿಯ ಪ್ಲಾಸ್ಟಿಕ್) ಕೊಡುವುದು 750–800 ಗ್ರಾಂ ಎಣ್ಣೆ. ಆ ಎಣ್ಣೆ ಲೀಟರಿಗೆ 780 ಗ್ರಾಂ ಆಸುಪಾಸು ತೂಗುತ್ತದೆ. ಹಾಗಾಗಿ ತೂಕದಲ್ಲಿ ಕಾಲು ಪಾಲು ಹೋದರೂ ಅಳತೆ ಪಾತ್ರೆಯಲ್ಲಿ ಲೆಕ್ಕ ಸರಿಹೋದಂತೆ ಕಾಣುತ್ತದೆ. ಆದರೆ ವಿಡಿಯೊದವರು ಹಂಡೆಗೆ ಹಾಕುವುದು ತೊಳೆದ ಮುಚ್ಚಳ, ಮುರಿದ ಕುರ್ಚಿಯಂಥ ಮಾಲು. ನಿಮ್ಮ ಮೂಟೆಯಲ್ಲಿ ಮಣ್ಣಿದೆ, ಸಾರಿನ ಎಣ್ಣೆಯಿದೆ, ನಾಲ್ಕಾರು ಜಾತಿಯ ಪ್ಲಾಸ್ಟಿಕ್ ಒಂದಕ್ಕೊಂದು ಅಂಟಿಕೊಂಡಿದೆ. ಅದರಿಂದ ಕಿಲೊಗೆ ಅರ್ಧ ಕಿಲೊಗಿಂತ ಸ್ವಲ್ಪ ಹೆಚ್ಚು ಎಣ್ಣೆ ಸಿಕ್ಕರೆ ಒಳ್ಳೆಯ ದಿನ ಎನ್ನಬೇಕು. ಸಿಕ್ಕಿದ್ದನ್ನು ಗಾಡಿಗೆ ಹಾಕುವ ಯೋಚನೆಯನ್ನು ಈಗಲೇ ಬಿಟ್ಟುಬಿಡಿ. ಕಾರಣ ಮುಂದೆ ಬರುತ್ತದೆ.

ಹಂಡೆಯೊಳಗೆ ನಡೆಯುವುದು ಇಷ್ಟು. ಪಾಲಿಥಿನ್ ಎಂದರೆ ಸಾವಿರಾರು ಇಂಗಾಲದ ಪರಮಾಣುಗಳು ಸಾಲಾಗಿ ಕೈಹಿಡಿದು ನಿಂತ ಸರಪಳಿ. ಸುಮಾರು 400 ಡಿಗ್ರಿ ದಾಟಿದಾಗ ಆ ಸರಪಳಿ ಎಲ್ಲೆಂದರಲ್ಲಿ ತುಂಡಾಗುತ್ತದೆ. ಉದ್ದನೆಯ ತುಂಡುಗಳು ಮೇಣ, ನಡುವಿನವು ಡೀಸೆಲ್ಲಿನಂಥ ಎಣ್ಣೆ, ಗಿಡ್ಡವು ಪೆಟ್ರೋಲಿನಂಥದ್ದು, ತೀರಾ ಚಿಕ್ಕವು ಅಡುಗೆ ಅನಿಲದಂಥವು. ಪಾಲಿಪ್ರೊಪಿಲೀನ್ ಸರಪಳಿಗೆ ಪಕ್ಕದ ಕೊಂಬೆಗಳಿರುವುದರಿಂದ ಅದು ಬೇಗ ಮುರಿಯುತ್ತದೆ, ಮೇಣ ಕಡಿಮೆ ಬಿಡುತ್ತದೆ. ಥರ್ಮೊಕೋಲ್, ಐಸ್‌ಕ್ರೀಂ ಕಪ್ಪುಗಳ ಪಾಲಿಸ್ಟೈರೀನ್ ಬಹುಪಾಲು ತನ್ನ ಮೂಲವಾದ ಸ್ಟೈರೀನ್‌ಗೆ ಹಿಂತಿರುಗುತ್ತದೆ. ಎಣ್ಣೆಯೇನೋ ತೆಳ್ಳಗೆ, ಧಾರಾಳವಾಗಿ ಬರುತ್ತದೆ, ಆದರೆ ಡ್ರಮ್ಮಿನಲ್ಲಿ ಇಟ್ಟಲ್ಲೇ ಮತ್ತೆ ಬೆಸೆದುಕೊಂಡು ಗೋಂದಾಗುತ್ತದೆ. ಈ ಮೂರು ಜಾತಿ, ಅಂದರೆ ತಳದ ತ್ರಿಕೋನದಲ್ಲಿ 2, 4 (ಎರಡೂ ಪಾಲಿಥಿನ್), 5, 6 ಅಂಕಿಯಿರುವವು ಮಾತ್ರ ಈ ಕೆಲಸಕ್ಕೆ ಆಗುವ ಮಾಲು.

ಆಗದ ಮಾಲಿನ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ಘಟಕಗಳು ಕೆಡುವುದು ಇಲ್ಲೇ.

ಮೊದಲ ಶತ್ರು ಪಿವಿಸಿ. ಅದರ ತೂಕದಲ್ಲಿ ಶೇ. 57 ಕ್ಲೋರಿನ್. 250 ಡಿಗ್ರಿ ದಾಟುತ್ತಿದ್ದಂತೆ ಅದು ಹೈಡ್ರೋಜನ್ ಕ್ಲೋರೈಡ್ ಆವಿಯಾಗಿ ಹೊರಬೀಳುತ್ತದೆ. ತೇವ ಸಿಕ್ಕಿದ ಕ್ಷಣ ಅದೇ ಹೈಡ್ರೋಕ್ಲೋರಿಕ್ ಆಮ್ಲ. 100 ಕಿಲೊ ಮಾಲಿನಲ್ಲಿ ಬರೀ 2 ಕಿಲೊ ಪಿವಿಸಿ ಸೇರಿಕೊಂಡರೂ ಸುಮಾರು 1.2 ಕಿಲೊ ಆಮ್ಲದ ಅನಿಲ ಹುಟ್ಟುತ್ತದೆ. ಅಷ್ಟನ್ನು ತಟಸ್ಥಗೊಳಿಸಲು ಲೆಕ್ಕದ ಪ್ರಕಾರವೇ 1.2 ಕಿಲೊ ಅರಳಿದ ಸುಣ್ಣ ಬೇಕು, ವ್ಯವಹಾರದಲ್ಲಿ ಅದರ ಎರಡರಷ್ಟು. ಸುಣ್ಣಕ್ಕೆ ಸಿಗದೆ ತಪ್ಪಿಸಿಕೊಂಡದ್ದು ಆವಿಯನ್ನು ತಣಿಸಿ ಎಣ್ಣೆ ಮಾಡುವ ಕಂಡೆನ್ಸರ್ ಕೊಳವೆಯನ್ನು ಒಳಗಿಂದ ತಿನ್ನುತ್ತದೆ, ಉಳಿದದ್ದು ಎಣ್ಣೆಗಿಳಿದು, ಅದನ್ನು ಉರಿಸುವವರ ಬಾಯ್ಲರನ್ನು ತಿನ್ನುತ್ತದೆ. ಹಳ್ಳಿಯ ಕಸದಲ್ಲಿ ಪಿವಿಸಿ ಬರುವ ದಾರಿಗಳನ್ನು ನೆನಪಿಡಿ: ನೀರಿನ ಪೈಪಿನ ತುಂಡು, ವೈರಿನ ಹೊದಿಕೆ, ರೆಕ್ಸಿನ್, ಹಳೆಯ ರೇನ್‌ಕೋಟು, ಕೆಲವು ಚಪ್ಪಲಿ, ಮಾತ್ರೆಯ ಪಟ್ಟಿ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಫ್ಲೆಕ್ಸ್ ಬ್ಯಾನರ್. ಫ್ಲೆಕ್ಸ್ ಎಂದರೆ ಪಾಲಿಯೆಸ್ಟರ್ ಬಟ್ಟೆಗೆ ಬಳಿದ ಪಿವಿಸಿ. ಜಾತ್ರೆಯೋ ಚುನಾವಣೆಯೋ ಮುಗಿದ ವಾರ ಬರುವ ಮೂಟೆಯನ್ನು ಕಣ್ಣುಮುಚ್ಚಿ ಹಂಡೆಗೆ ಸುರಿದರೆ ಒಂದೇ ಸುತ್ತಿಗೆ ಕೊಳವೆಯಲ್ಲಿ ತುಕ್ಕಿನ ಪುಡಿ ಕಾಣಿಸಿಕೊಳ್ಳುತ್ತದೆ.

ಅನುಮಾನ ಬಂದ ತುಂಡಿಗೆ ತಾಮ್ರದ ತಂತಿಯ ಪರೀಕ್ಷೆ ಮಾಡಿ. ಖರ್ಚು ಏನೂ ಇಲ್ಲ. ಒಂದು ಗೇಣು ಬರಿಯ ತಾಮ್ರದ ತಂತಿಯ ಒಂದು ತುದಿಗೆ ಮರದ ಹಿಡಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ಗ್ಯಾಸ್ ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ. ಜ್ವಾಲೆಯ ಬಣ್ಣ ಬದಲಾಗುವುದು ನಿಂತ ಮೇಲೆ ಬಿಸಿ ತುದಿಯನ್ನು ತೊಳೆದ ಪ್ಲಾಸ್ಟಿಕ್ಕಿಗೆ ಒತ್ತಿ, ಅಂಟಿದ ಚೂರಿನ ಸಮೇತ ಮತ್ತೆ ಜ್ವಾಲೆಗೆ ಹಿಡಿಯಿರಿ. ಜ್ವಾಲೆ ಪಚ್ಚೆ ಹಸಿರಾದರೆ ಕ್ಲೋರಿನ್ ಇದೆ, ತುಂಡು ಆಚೆಗೆ. ಹಳದಿಯಾಗಿ ಉರಿದರೆ ಇಲ್ಲ. ಬಯಲಿನಲ್ಲಿ, ಗಾಳಿಗೆ ಬೆನ್ನು ಹಾಕಿ ಮಾಡಿ; ಹೊಗೆಯನ್ನು ಮೂಸಿ ನೋಡುವ ಅಗತ್ಯವಿಲ್ಲ.

ಎರಡನೆಯದು ಪೆಟ್, ಅಂದರೆ 1ನೇ ಅಂಕಿಯ ನೀರಿನ ಬಾಟಲಿ. ಇದರಿಂದ ಎಣ್ಣೆ ಅಷ್ಟಕ್ಕಷ್ಟೆ. ಬದಲಿಗೆ ಟೆರಿಥ್ಯಾಲಿಕ್ ಮತ್ತು ಬೆಂಜೋಯಿಕ್ ಆಮ್ಲಗಳು ಕರ್ಪೂರದಂತೆ ನೇರವಾಗಿ ಆವಿಯಾಗಿ ಹೋಗಿ, ತಣ್ಣಗಿನ ಕೊಳವೆಯ ಗೋಡೆಗೆ ಬಿಳಿ-ಹಳದಿ ಹರಳಾಗಿ ಕಟ್ಟುತ್ತವೆ. ಬಾಟಲಿಯನ್ನು ಗುಜರಿಯವರು ಹೇಗೂ ಒಯ್ಯುತ್ತಾರೆ ಎಂದು ನೀವು ನಿಶ್ಚಿಂತೆಯಿಂದ ಇರಬಹುದು, ಆದರೆ ಪೆಟ್ ನಿಮ್ಮ ಮೂಟೆಯಲ್ಲಿ ಬೇರೆ ವೇಷದಲ್ಲಿದೆ. ಗುಟ್ಕಾ ಚೀಟಿ, ಶಾಂಪೂ ಚೀಟಿಗಳಲ್ಲಿ ಹೊರಪದರ ಪೆಟ್, ಒಳಪದರ ಪಾಲಿಥಿನ್. ಹೊರಗೆ 12 ಮೈಕ್ರಾನ್ ಪೆಟ್, ಒಳಗೆ 50 ಮೈಕ್ರಾನ್ ಪಾಲಿಥಿನ್ ಎಂದು ಹಿಡಿದರೆ ತೂಕದಲ್ಲಿ ಕಾಲು ಭಾಗಕ್ಕೂ ಹೆಚ್ಚು ಪೆಟ್ಟೇ, ಏಕೆಂದರೆ ಅದು ಹೆಚ್ಚು ಸಾಂದ್ರ. ಚಿಪ್ಸ್, ಬಿಸ್ಕತ್ತಿನ ಪೊಟ್ಟಣಗಳು ಬಹುಮಟ್ಟಿಗೆ ಪಾಲಿಪ್ರೊಪಿಲೀನ್. ಒಳಗೆ ಮಿಂಚುವ ಅಲ್ಯೂಮಿನಿಯಂ ಲೇಪ ಬಹಳ ತೆಳು, ಅದು ಮಸಿಯ ಜೊತೆ ಉಳಿಯುತ್ತದೆ, ತೊಂದರೆ ಕೊಡದು. ಇವೆರಡನ್ನು ಕೈಯಲ್ಲೇ ಬೇರ್ಪಡಿಸಬಹುದು: ಚಿಪ್ಸ್ ಪೊಟ್ಟಣ ಹಿಚುಕಿದರೆ ಚರಚರ ಸದ್ದು ಮಾಡುತ್ತದೆ, ಒಮ್ಮೆ ಸೀಳು ಬಿಟ್ಟರೆ ಸರ್ರನೆ ಹರಿಯುತ್ತದೆ. ಚೀಟಿಯನ್ನು ಎಳೆದು ಹರಿದರೆ ಅಂಚಿನಲ್ಲಿ ಎರಡು ಪದರ ಬಿಟ್ಟುಕೊಂಡು, ಒಳಗಿನದು ಹಿಗ್ಗುತ್ತದೆ. ಹಾಲಿನ ಕವರಿನಂಥ ಬರೀ ಪಾಲಿಥಿನ್ ಸದ್ದಿಲ್ಲದೆ ಹಿಗ್ಗಿ, ಬೆರಳಿಗೆ ಮೃದುವಾಗಿ ಸಿಗುತ್ತದೆ.

ಗಟ್ಟಿ ತುಂಡುಗಳಿಗೆ ಬಕೆಟ್ ನೀರೇ ತಕ್ಕಡಿ. ಪಾಲಿಥಿನ್, ಪಾಲಿಪ್ರೊಪಿಲೀನ್ ತೇಲುತ್ತವೆ. ಪೆಟ್, ಪಿವಿಸಿ, ನೈಲಾನ್ ಮುಳುಗುತ್ತವೆ. ಪಾಲಿಸ್ಟೈರೀನಿನ ಗಟ್ಟಿ ತುಂಡೂ ಸಿಹಿನೀರಿನಲ್ಲಿ ಮುಳುಗುತ್ತದೆ. ಅದನ್ನು ಬೇರೆ ಮಾಡಬೇಕೆಂದರೆ ಉಪ್ಪು ಕರಗುವಷ್ಟು ಕರಗಿಸಿದ ನೀರು ಬೇಕು, ಅದರಲ್ಲಿ ಅದು ತೇಲಿ ಪೆಟ್-ಪಿವಿಸಿ ತಳದಲ್ಲೇ ಉಳಿಯುತ್ತವೆ. ನೈಲಾನ್, ಟಿವಿ-ಕಂಪ್ಯೂಟರ್ ಕವಚಗಳ ಎಬಿಎಸ್ ಪ್ಲಾಸ್ಟಿಕ್ ಬೇಡವೇ ಬೇಡ. ಅವುಗಳಲ್ಲಿ ಸಾರಜನಕವಿದೆ, ಸಯನೈಡ್ ಜಾತಿಯ ಆವಿಗಳು ಬರಬಹುದು. ಪಿವಿಸಿಯ ಕ್ಲೋರಿನ್ ಜೊತೆ ಸೇರಿದರೆ ನವಸಾಗರದ ಬಿಳಿ ಉಪ್ಪು ಕೊಳವೆಯನ್ನು ಕಟ್ಟಿಬಿಡುತ್ತದೆ. ಟೈರಿನ ವಿಚಾರವನ್ನು ಇದರ ಜೊತೆ ಬೆರೆಸಬೇಡಿ. ಅದರಲ್ಲಿ ಗಂಧಕ ಇದೆ, ಅದಕ್ಕೆ ನಿಯಮಗಳೂ ಬೇರೆ.

ತೊಳೆದ ಫಿಲ್ಮು ತನ್ನ ತೂಕದ ಶೇ. 20–30ರಷ್ಟು ನೀರನ್ನು ಮಡಿಕೆಗಳಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಶೇ. 2ಕ್ಕಿಂತ ಕೆಳಗಿಳಿಸದೆ ಹಂಡೆಗೆ ಹಾಕುವಂತಿಲ್ಲ. ಕರಗಿದ ಪ್ಲಾಸ್ಟಿಕ್ ಜೇನಿಗಿಂತ ಅಂಟು. ಅದರ ಅಡಿಯಲ್ಲಿ ಸಿಕ್ಕ ಒಂದು ಲೀಟರ್ ನೀರು ಸುಮಾರು 1,700 ಲೀಟರ್ ಹಬೆಯಾಗಿ ಏಳುವಾಗ, ಹಾಲು ಉಕ್ಕಿದಂತೆ ಇಡೀ ಪಾಕ ನೊರೆಯಾಗಿ ಏರಿ ಆವಿಯ ಕೊಳವೆಗೆ ನುಗ್ಗುತ್ತದೆ. ಅಲ್ಲಿ ತಣಿದು ಬಿರಡೆಯಾಗುತ್ತದೆ. ಮಲ್ಚಿಂಗ್ ಶೀಟಿನ ವಿಷಯದಲ್ಲಿ ಇನ್ನೊಂದು ತಲೆನೋವು: ಪಾಲಿಥಿನ್ ಒಳ್ಳೆಯದೇ, ಆದರೆ ಕೆಲವೊಮ್ಮೆ ಶೀಟಿಗಿಂತ ಮೆತ್ತಿದ ಮಣ್ಣೇ ಹೆಚ್ಚು ತೂಗುತ್ತದೆ. ಕೊಡವಿ, ಬಿಸಿಲಿಗೆ ಹರವಿ, ಮತ್ತೆ ಕೊಡವಿ.

ಬಿಡಿ ಫಿಲ್ಮು ಘನ ಮೀಟರಿಗೆ 30–50 ಕಿಲೊ ಮಾತ್ರ ಹಿಡಿಯುತ್ತದೆ. 50 ಕಿಲೊ ತುಂಬಲು ಒಂದು ಸಣ್ಣ ಕೋಣೆಯಷ್ಟು ಹಂಡೆ ಬೇಕಾದೀತು. ಅದಕ್ಕೇ ಅಗ್ಲೊಮರೇಟರ್ ಎಂಬ ಯಂತ್ರದಲ್ಲಿ ಹಾಕಿ, ತಿಕ್ಕಾಟದ ಬಿಸಿಗೆ ಮುದುರಿಸಿ, ಪಾಪ್‌ಕಾರ್ನ್ ಗಾತ್ರದ ಉಂಡೆ ಮಾಡುತ್ತಾರೆ. ಆಗ ಘನ ಮೀಟರಿಗೆ 300–400 ಕಿಲೊ ಬರುತ್ತದೆ, ಉಳಿದ ನೀರೂ ಅಲ್ಲೇ ಹಾರುತ್ತದೆ. ಹಾಗೆ ಮಾಡಿದ 50 ಕಿಲೊಗೆ 300 ಲೀಟರಿನ ಹಂಡೆ ಸಾಕು. ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಮೇಲಿನ ಜಾಗ ನೊರೆಗೆ.

ಇನ್ನು ಹಂಡೆ. ಹಳೆಯ ಎಣ್ಣೆ ಡ್ರಮ್ಮು ಯಾವ ಕಾರಣಕ್ಕೂ ಕೂಡದು. ಅದರ ತಗಡು ಒಂದೇ ಮಿಲಿಮೀಟರ್ ದಪ್ಪ, ಹೊಲಿಗೆ ಶಾಖಕ್ಕೆ ಮಾಡಿದ್ದಲ್ಲ. ಸಾದಾ ಉಕ್ಕಿನ ಬಲವೇ ಸುಮಾರು 425 ಡಿಗ್ರಿಯಿಂದ ಮೇಲೆ ಕುಗ್ಗತೊಡಗುತ್ತದೆ; ಒಳಗಿನ ಪಾಕ 430 ಇದ್ದಾಗ ನೇರ ಜ್ವಾಲೆ ಬಡಿಯುವ ತಳ 600 ಮುಟ್ಟಿರಬಹುದು. ಕಡಿಮೆ ಎಂದರೆ 8–10 ಮಿಲಿಮೀಟರ್ ಬಾಯ್ಲರ್ ದರ್ಜೆಯ ತಗಡು, ಪರೀಕ್ಷೆಯಾದ ಬೆಸುಗೆ, ಸುತ್ತ ಬಿಸಿಗಾಳಿಯ ಹೊರಕವಚ, ಅದರ ಮೇಲೆ 100 ಮಿಲಿಮೀಟರ್ ಸೆರಾಮಿಕ್ ಉಣ್ಣೆ. ಒಳಗೆ ತಳ ಕೆರೆಯುವ ನಿಧಾನ ಕಲಕು ಇದ್ದರೆ ಬಾಳಿಕೆ ಬಹಳ ಹೆಚ್ಚು. ಇಲ್ಲದಿದ್ದರೆ ಗೋಡೆಗೆ ಮಸಿಯ ಹೊಪ್ಪಳೆ ಕಟ್ಟುತ್ತದೆ. ಮೂರ್ನಾಲ್ಕು ಮಿಲಿಮೀಟರ್ ಆದರೆ ಶಾಖ ಒಳಗೆ ಇಳಿಯದೆ ಉಕ್ಕಿನಲ್ಲೇ ನಿಂತು, ತಳ ಉಬ್ಬಿಕೊಳ್ಳುತ್ತದೆ. ಹಂಡೆ ಬದಲಿಸಬೇಕಾದ ಬಹುಪಾಲು ಪ್ರಸಂಗಗಳ ಹಿಂದೆ ಈ ಹೊಪ್ಪಳೆಯೇ ಇರುತ್ತದೆ.

ಬೆಂಕಿ ಹಚ್ಚುವ ಮುಂಚೆ ಒಳಗಿನ ಗಾಳಿ ಹೊರಗೆ ಹೋಗಬೇಕು. ಹಂಡೆ, ಕೊಳವೆ, ಕಂಡೆನ್ಸರ್ ಸೇರಿ 400 ಲೀಟರ್ ಜಾಗವಿದ್ದರೆ ಅದರ ನಾಲ್ಕು ಪಟ್ಟು, ಅಂದರೆ 1.6 ಘನ ಮೀಟರ್ ಸಾರಜನಕ ಹಾಯಿಸಿ. 7 ಘನ ಮೀಟರಿನ ಒಂದು ಸಿಲಿಂಡರ್ ನಾಲ್ಕು ಸುತ್ತಿಗೆ ಬರುತ್ತದೆ. ಆಮೇಲೆ ಕಾಯಿಸುವ ಕ್ರಮ: ಮೊದಲು 150 ಡಿಗ್ರಿಗೆ ಏರಿಸಿ ಅರ್ಧ ಗಂಟೆ ನಿಲ್ಲಿಸಿ, ಉಳಿದ ತೇವ ಹೋಗಲಿ. ಮುಂದೆ 300ರ ಆಸುಪಾಸು ಮುಕ್ಕಾಲು ಗಂಟೆ. ಕಣ್ತಪ್ಪಿ ಬಂದ ಪಿವಿಸಿ ತನ್ನ ಆಮ್ಲವನ್ನು ಇಲ್ಲಿ ಬಿಡುತ್ತದೆ, ಆ ಹೊತ್ತಿನ ಆವಿಯನ್ನು ಎಣ್ಣೆಯ ಟ್ಯಾಂಕಿಗೆ ಬಿಡದೆ ನೇರ ಸುಣ್ಣದ ತಿಳಿಗೆ ತಿರುಗಿಸಬೇಕು. ಸುಣ್ಣದ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 9ಕ್ಕಿಂತ ಕೆಳಗಿಳಿಯದಂತೆ ಗಂಟೆಗೊಮ್ಮೆ ಕಾಗದ ಅದ್ದಿ ನೋಡಿ. ನಂತರ ನಿಮಿಷಕ್ಕೆ 3 ಡಿಗ್ರಿಯಂತೆ ಏರಿಸಿ. 370–380ರಲ್ಲಿ ಎಣ್ಣೆ ಹನಿಯತೊಡಗುತ್ತದೆ, 400–430ರಲ್ಲಿ ಧಾರೆ ಹಿಡಿಯುತ್ತದೆ. ಹನಿ ನಿಂತ ಮೇಲೆ 470ರವರೆಗೆ ಒಯ್ದು ಮಸಿಯನ್ನು ಒಣಗಿಸಿ. ಇಲ್ಲವಾದರೆ ತಳದಲ್ಲಿ ಟಾರಿನ ಗಂಜಿ ಉಳಿದು, ಕೆರೆಯಲು ಎರಡು ದಿನ ಬೇಕು. ಆತುರಪಟ್ಟು ಬೆಂಕಿ ಜಾಸ್ತಿ ಮಾಡಿದರೆ ಉದ್ದನೆಯ ತುಂಡುಗಳು ಮುರಿಯುವ ಮೊದಲೇ ಆವಿಯಾಗಿ ಪಾರಾಗುತ್ತವೆ. ಸಿಗುವುದು ಎಣ್ಣೆಯಲ್ಲ, ಮೇಣ.

ಮೇಣ ತಡೆಯುವ ನಿಜವಾದ ಸಾಧನ ಹಂಡೆಯ ನೆತ್ತಿಯ ಮೇಲೆ ನಿಲ್ಲಿಸಿದ ಒಂದೂವರೆ ಎರಡು ಮೀಟರಿನ ಕಂಬ. ಒಳಗೆ ಉಕ್ಕಿನ ಉಂಗುರಗಳನ್ನು ತುಂಬಿ, ಕಂಬದ ತುದಿಯಲ್ಲಿ ಆವಿಯ ಉಷ್ಣತೆ 300–330 ದಾಟದಂತೆ ನೋಡಿಕೊಂಡರೆ ಭಾರದ ತುಂಡುಗಳು ಅಲ್ಲೇ ತಣಿದು ಮತ್ತೆ ಹಂಡೆಗೆ ಸುರಿದು ಇನ್ನೊಮ್ಮೆ ಬೇಯುತ್ತವೆ. ಕೆಲವರು ವೇಗವರ್ಧಕದ ಪುಡಿ ಮಾರುತ್ತಾರೆ. ಜಿಯೊಲೈಟ್, ತೈಲ ಶುದ್ಧೀಕರಣಾಗಾರದ ಬಳಸಿದ ವೇಗವರ್ಧಕ ಇವು ಕೆಲಸ ಮಾಡುವುದು ನಿಜ, ಆದರೆ ಕೊಳಕು ಮಾಲಿನಲ್ಲಿ ಒಂದೆರಡು ಸುತ್ತಿಗೆ ಮಸಿ ಕವಿದು ಸತ್ತುಹೋಗುತ್ತವೆ. ಪುಡಿಯಲ್ಲಿ ಏನಿದೆ ಎಂದು ಹೇಳದವರಿಂದ ಕೊಳ್ಳಬೇಡಿ.

ಹಂಡೆಯಿಂದ ಕಂಡೆನ್ಸರಿನವರೆಗಿನ ಕೊಳವೆ 75 ಮಿಲಿಮೀಟರ್ ಇರಲಿ, 50ಕ್ಕಿಂತ ಸಣ್ಣದು ಬೇಡ. ಇಳಿಜಾರಾಗಿರಲಿ, ನಡುವೆ ಮುಚ್ಚಿಬಿಡಬಹುದಾದ ವಾಲ್ವ್ ಇರಕೂಡದು. ಮೊದಲ ಕಂಡೆನ್ಸರಿಗೆ ತಣ್ಣೀರು ಬಿಡುವುದೇ ಎಲ್ಲರೂ ಮಾಡುವ ತಪ್ಪು. 40–70 ಡಿಗ್ರಿಯಲ್ಲಿ ಹೆಪ್ಪುಗಟ್ಟುವ ಮೇಣ ತಣ್ಣನೆಯ ಕೊಳವೆಗೆ ಮೆತ್ತಿ ದಾರಿ ಮುಚ್ಚುತ್ತದೆ, ಒತ್ತಡ ಏರುತ್ತದೆ, ಹಂಡೆಯ ಮುಚ್ಚಳದ ಪ್ಯಾಕಿಂಗ್ ಕಿತ್ತು ಆವಿ ಹೊರಬೀಳುತ್ತದೆ, ಕೆಳಗೆ ಬೆಂಕಿ ಸಿದ್ಧವಾಗಿಯೇ ಇದೆ. ಮೊದಲನೆಯದಕ್ಕೆ 80–90 ಡಿಗ್ರಿ ಬಿಸಿನೀರು, ಎರಡನೆಯದಕ್ಕೆ ತಣ್ಣೀರು. ಗಂಟೆಗೆ 10 ಕಿಲೊ ಆವಿ ಬರುವ ಹಂಡೆಗೆ ಗಂಟೆಗೆ 250–300 ಲೀಟರ್ ನೀರು ಸುತ್ತಿದರೆ ಸಾಕು, ಒಂದು ಸಣ್ಣ ಟ್ಯಾಂಕು-ಪಂಪು ಅಷ್ಟೆ. ಕರೆಂಟು ಹೋದಾಗಲೂ ಮೇಲಿನ ಟ್ಯಾಂಕಿನಿಂದ ತಾನಾಗಿ ಹರಿಯುವಂತಿರಬೇಕು. ಒತ್ತಡದ ಗಡಿಯಾರ ಹಂಡೆಯ ಮೇಲೇ ಇರಲಿ, 0.2 ಬಾರ್ ದಾಟಿದರೆ ಎಲ್ಲೋ ಕಟ್ಟಿದೆ ಎಂದೇ ಅರ್ಥ, ಬೆಂಕಿ ತೆಗೆಯಿರಿ. ಒತ್ತಡಕ್ಕೆ ಒಡೆಯುವ ತೆಳು ಬಿಲ್ಲೆ ಹಾಕಿ, ಅದರ ಬಾಯಿ ಚಾವಣಿಯಿಂದ ಮೇಲಕ್ಕೆ, ಜನ ಓಡಾಡದ ಕಡೆಗೆ ತೆರೆಯುವಂತೆ ಮಾಡಿ.

ತಣಿಯದೆ ಉಳಿದ ಅನಿಲವನ್ನು ನೀರಿನ ಪಾತ್ರೆಯೊಂದರಲ್ಲಿ ಗುಳ್ಳೆಯಾಗಿ ಹಾಯಿಸಿ ಅದೇ ಒಲೆಗೆ ಕೊಡುತ್ತಾರೆ. ಕೊಳವೆಯ ತುದಿ ನೀರಿನೊಳಗೆ 50–100 ಮಿಲಿಮೀಟರ್ ಮುಳುಗಿದ್ದರೆ ಒಲೆಯ ಜ್ವಾಲೆ ಹಿಂದಕ್ಕೆ ಓಡದು. ಆದರೆ ಈ ನೀರಿನ ಪಾತ್ರೆಯೇ ಒಂದು ಬಲೆ. ಬೆಂಕಿ ಆರಿಸಿದ ಮೇಲೆ ಹಂಡೆಯೊಳಗಿನ ಆವಿ ಕುಗ್ಗಿ ಎಳೆತ ಹುಟ್ಟುತ್ತದೆ. ಆ ಪಾತ್ರೆಯ ನೀರನ್ನು ಹಿಂದಕ್ಕೆ ಹೀರಿ 400 ಡಿಗ್ರಿಯ ಹಂಡೆಗೆ ಸುರಿದುಕೊಳ್ಳುತ್ತದೆ. ಮುಂದಿನದ್ದು ಊಹಿಸಿಕೊಳ್ಳಿ. ಬೆಂಕಿ ತೆಗೆಯುವ ಮುಂಚೆಯೇ ಸಾರಜನಕದ ಸಣ್ಣ ಧಾರೆ ತೆರೆಯಬೇಕು, ಜೊತೆಗೆ ನೀರಿನ ಪಾತ್ರೆಗೂ ಕಂಡೆನ್ಸರಿಗೂ ನಡುವೆ ಅದರ ಇಡೀ ನೀರು ಹಿಡಿಯುವಷ್ಟು ಖಾಲಿ ಪಾತ್ರೆ ಇರಬೇಕು. ಎರಡೂ ಬೇಕು. ಹಂಡೆಯನ್ನು ಮರುದಿನ, 60 ಡಿಗ್ರಿಗಿಂತ ಕೆಳಗಿಳಿದ ಮೇಲೆ ಮಾತ್ರ ತೆರೆಯಿರಿ. ಬಿಸಿ ಮಸಿಗೆ ಗಾಳಿ ತಾಗಿದರೆ ಕೆಂಡವಾಗುತ್ತದೆ, ಒಳಗೆ ಉಳಿದ ಆವಿಗೆ ಅದೇ ಕಿಡಿ. ದಿನಕ್ಕೆ ಎರಡು ಸುತ್ತು ಹೊಡೆಯಬೇಕೆಂಬ ಆಸೆಯಲ್ಲಿ ಬಿಸಿ ಮುಚ್ಚಳ ಬಿಚ್ಚುವುದು ಸುಟ್ಟ ಗಾಯಗಳಿಗೆ ನೇರ ದಾರಿ.

ಶಾಖದ ಖರ್ಚಿನ ಲೆಕ್ಕ ಅಷ್ಟೇನೂ ಕೆಟ್ಟದಿಲ್ಲ. ಒಂದು ಕಿಲೊ ಪಾಲಿಥಿನ್ ಬಿಸಿಯಾಗಿ, ಕರಗಿ, ಮುರಿಯಲು ತಾತ್ವಿಕವಾಗಿ ಒಂದೂವರೆ ಮೆಗಾಜೂಲ್ (ಶಾಖದ ಅಳತೆ) ಸಾಕು. ಸಣ್ಣ ಹಂಡೆಯಲ್ಲಿ ಸೋರಿಕೆ ಸೇರಿ 5 ಎನ್ನಿ. 50 ಕಿಲೊಗೆ 250 ಮೆಗಾಜೂಲ್, ಅಂದರೆ ಐದೂವರೆ ಕಿಲೊ ಎಲ್‌ಪಿಜಿ. ಮಾಲಿನ ಶೇ. 15 ಅನಿಲವಾದರೆ ಅದರಲ್ಲೇ 330 ಮೆಗಾಜೂಲಿಗೂ ಹೆಚ್ಚು ಶಾಖವಿದೆ. ತೊಡಕೆಂದರೆ ಅನಿಲ ಬರುವುದು ಮೂರನೇ ಗಂಟೆಯ ನಂತರ. ಅಲ್ಲಿಯವರೆಗೆ ಹೊರಗಿನ ಇಂಧನ ಬೇಕೇ ಬೇಕು. ಹೆಚ್ಚಾದ ಅನಿಲವನ್ನು ಟ್ಯೂಬಿನಲ್ಲೋ ಬಲೂನಿನಲ್ಲೋ ತುಂಬಿಡಬೇಡಿ, ಪಕ್ಕದಲ್ಲೇ ಸುಟ್ಟುಬಿಡಿ.

ಈಗ ಎಣ್ಣೆ. ಶಾಖದ ಮಟ್ಟಿಗೆ ಇದು ಡೀಸೆಲ್ಲಿಗೆ ಸಮ, ಕಿಲೊಗೆ 40–44 ಮೆಗಾಜೂಲ್. ಗುಣದ ಮಟ್ಟಿಗೆ ಅದು ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್, ಮೇಣ ಎಲ್ಲ ಕಲಸಿದ ಕಚ್ಚಾ ಸಾರು. ಪೆಟ್ರೋಲಿನ ಪಾಲು ಇರುವುದರಿಂದ ಕೋಣೆಯ ಬಿಸಿಗೇ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಮೇಣದ ಪಾಲು ಇರುವುದರಿಂದ ಡಿಸೆಂಬರಿನಲ್ಲಿ ಕೊಬ್ಬರಿ ಎಣ್ಣೆಯಂತೆ ಡ್ರಮ್ಮಿನಲ್ಲೇ ಹೆಪ್ಪುಗಟ್ಟುತ್ತದೆ. ಮುರಿದ ಸರಪಳಿಗಳ ತುದಿಗಳು ಇನ್ನೂ ಚುರುಕಾಗಿದ್ದು, ಗಾಳಿ ಬೆಳಕಿಗೆ ವಾರಗಳಲ್ಲಿ ಕಪ್ಪಾಗಿ ಗೋಂದು ಬಿಡುತ್ತವೆ. ಬಿಎಸ್-6 (ಈಗಿನ ಹೊಗೆ ಮಾಲಿನ್ಯ ಮಾನದಂಡ) ಡೀಸೆಲ್ಲಿನಲ್ಲಿ ಗಂಧಕ 10 ಪಿಪಿಎಂ (ಹತ್ತು ಲಕ್ಷದಲ್ಲಿ ಹತ್ತು ಪಾಲು) ಮೀರಬಾರದು, ಬೇಗ ಹೊತ್ತಿಕೊಳ್ಳುವ ಗುಣದ ಅಳತೆಯಾದ ಸೀಟೇನ್ ಸಂಖ್ಯೆ 51ಕ್ಕಿಂತ ಕಡಿಮೆ ಇರಬಾರದು. ನಿಮ್ಮ ಕಸದ ಗಾಡಿ ಬಿಎಸ್-6 ಆಗಿದ್ದರೆ ಅದರ ಇಂಜೆಕ್ಟರಿನ ರಂಧ್ರ ಕೂದಲಿಗಿಂತ ಸ್ವಲ್ಪ ದಪ್ಪ ಅಷ್ಟೆ, ಒಂದೇ ಟ್ಯಾಂಕು ಗೋಂದು ಸಾಕು ಅದನ್ನು ಕಟ್ಟಲು. ಪ್ರಯೋಗಾಲಯಗಳಲ್ಲಿ ಮತ್ತೊಮ್ಮೆ ಬಟ್ಟಿ ಇಳಿಸಿದ ಎಣ್ಣೆಯನ್ನು ಶೇ. 10–20 ಬೆರೆಸಿ ಹಳೆಯ ಒಂಟಿ ಸಿಲಿಂಡರ್ ಎಂಜಿನುಗಳನ್ನು ಓಡಿಸಿದ್ದಾರೆ, ಓಡುತ್ತವೆ. ಓಡುವುದಕ್ಕೂ ಬಾಳುವುದಕ್ಕೂ ವ್ಯತ್ಯಾಸವಿದೆ: ಪಂಪಿನ ರಬ್ಬರ್ ಊದಿಕೊಳ್ಳುತ್ತದೆ, ಆಯಿಲ್ ತೆಳುವಾಗುತ್ತದೆ, ಕ್ಲೋರಿನ್ ಉಳಿದಿದ್ದರೆ ವಾಲ್ವ್ ತುಕ್ಕು ಹಿಡಿಯುತ್ತದೆ.

ಎಣ್ಣೆ ಕೈಗೆ ಬಂದ ದಿನವೇ ಎರಡು ಸರಳ ಪರೀಕ್ಷೆ ಮಾಡಿಕೊಳ್ಳಿ. ಗಾಜಿನ ಬಾಟಲಿಯಲ್ಲಿ ಅರ್ಧ ಎಣ್ಣೆ, ಅರ್ಧ ಶುದ್ಧ ನೀರು ಹಾಕಿ ಕುಲುಕಿ, ನಿಂತ ಮೇಲೆ ತಳದ ನೀರಿಗೆ ಪಿಎಚ್ ಕಾಗದ ಅದ್ದಿ. 4ಕ್ಕಿಂತ ಕೆಳಗೆ ತೋರಿದರೆ ಆಮ್ಲ ದಾಟಿ ಬಂದಿದೆ, ವಿಂಗಡಣೆಯಲ್ಲಿ ಎಡವಿದ್ದೀರಿ. ಇನ್ನೊಂದು ಬಾಟಲಿಯನ್ನು ಒಂದು ದಿನ ಅಲುಗಿಸದೆ ಇಡಿ. ತಳದಲ್ಲಿ ಮೊಸರಿನಂಥ ಪದರ ಕಟ್ಟಿದರೆ ಕಂಬ ಸರಿಯಾಗಿ ಕೆಲಸ ಮಾಡಿಲ್ಲ.

ಕಾನೂನಿನ ಮಾತು ಚಿಕ್ಕದಾಗಿ. 23 ಡಿಗ್ರಿಗಿಂತ ಕೆಳಗೆ ಹೊತ್ತಿಕೊಳ್ಳುವ ದ್ರವ ಪೆಟ್ರೋಲಿಯಂ ಕಾಯ್ದೆಯಲ್ಲಿ ಎ ವರ್ಗ. ಮಾರಾಟಕ್ಕಲ್ಲದೆ 30 ಲೀಟರಿನವರೆಗೆ ಮಾತ್ರ ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದು. ಅದಕ್ಕೆ ಮೇಲೆ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ ಅನುಮತಿ, ಘಟಕಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ಥಾಪನಾ ಮತ್ತು ಚಾಲನಾ ಸಮ್ಮತಿ ಬೇಕು. ಮಸಿಯನ್ನು ತಿಪ್ಪೆಗೆ ಹಾಕುವಂತಿಲ್ಲ, ಬಣ್ಣಗಳ ಸೀಸ ಮುಂತಾದ ಲೋಹಗಳು ಅದರಲ್ಲೇ ಉಳಿದಿರುತ್ತವೆ. ಡೀಸೆಲ್ ಎಂದು ಹೆಸರಿಟ್ಟು ಮಾರಿದರೆ, ಡೀಸೆಲ್ಲಿಗೆ ಬೆರೆಸಿ ಮಾರಿದರೆ, ಅದು ಪೆಟ್ರೋಲು-ಡೀಸೆಲ್ ಪೂರೈಕೆ ಕುರಿತ ಕೇಂದ್ರದ 2005ರ ಆದೇಶದ ಪ್ರಕಾರ ಕಲಬೆರಕೆ. ಕಾನೂನಿನ ಒಳಗಿರುವ ಗಿರಾಕಿಗಳೆಂದರೆ ಅಂಥ ಇಂಧನ ಉರಿಸಲು ಸಮ್ಮತಿ ಪಡೆದ ಬಾಯ್ಲರ್, ಕುಲುಮೆ, ಡಾಂಬರು ಮಿಶ್ರಣದ ಘಟಕಗಳು.

ನಿಮ್ಮ ಲೆಕ್ಕಕ್ಕೆ ಬರೋಣ. ಉಳಿದ 40 ಕಿಲೊದಲ್ಲಿ ಚೀಟಿ, ಪಿವಿಸಿ, ಮಣ್ಣು, ನೀರು ಕಳೆದರೆ 25 ಕಿಲೊ ಮಾಲು. ಎರಡು ದಿನಕ್ಕೊಂದು ಸುತ್ತು, 50 ಕಿಲೊಗೆ 28 ಕಿಲೊ ಎಣ್ಣೆ, 36 ಲೀಟರ್. ಲೀಟರಿಗೆ 40 ರೂಪಾಯಿ ಸಿಕ್ಕಿತೆಂದೇ ಇಟ್ಟುಕೊಳ್ಳಿ, 1,440 ರೂಪಾಯಿ. ಇಬ್ಬರಿಗೆ ಎರಡು ದಿನದ ಕೂಲಿ, ದಿನಕ್ಕೆ 400ರಂತೆ, 1,600. ಗ್ಯಾಸು, ಸಾರಜನಕ, ಅಗ್ಲೊಮರೇಟರಿನ ಕರೆಂಟು, ಸುಣ್ಣ, ಹಂಡೆಯ ಸವೆತ ಇನ್ನೂ ಹಿಡಿದಿಲ್ಲ. ಇದನ್ನು ಪಂಚಾಯಿತಿ ಮಟ್ಟದಲ್ಲಿ ಮಾಡಬೇಡಿ. ಡೆಹ್ರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆ 2019ರಲ್ಲಿ ಸರ್ಕಾರಿ ಅನಿಲ ಕಂಪನಿ ಗೇಲ್ ಜೊತೆ ಸೇರಿ ನಿಲ್ಲಿಸಿದ ಪ್ರಾಯೋಗಿಕ ಘಟಕವೇ ದಿನಕ್ಕೆ ಒಂದು ಟನ್ನಿನದು. ಟನ್ನಿಗೆ 800 ಲೀಟರ್ ಡೀಸೆಲ್ ಎಂಬುದು ಅವರು ಕೊಟ್ಟ ಅಂಕಿ, ಅದೂ ಎಂಜಿನಿಯರುಗಳ ಕಾವಲಿನಲ್ಲಿ, ಆಯ್ದ ಮಾಲಿಗೆ. ಕರಾವಳಿ ಜಿಲ್ಲೆಗಳ ನಿಟ್ಟೆ, ತೆಂಕ ಎಡಪದವಿನಲ್ಲಿರುವಂತೆ ಹತ್ತಾರು ಪಂಚಾಯಿತಿಗಳ ಒಣಕಸ ಒಂದೆಡೆ ಸೇರುವ ಕೇಂದ್ರದ ಪಕ್ಕದಲ್ಲಾದರೆ ಯೋಚಿಸಬಹುದು.

ನಿಮ್ಮ ಕೈಯಲ್ಲಿರುವ ಲಾಭ ವಿಂಗಡಣೆಯಲ್ಲಿದೆ. ಹಾಲಿನ ಕವರು, ಡ್ರಿಪ್ ಪೈಪು, ಅಕ್ಕಿ-ಗೊಬ್ಬರದ ಚೀಲ ಇವೇ ಒಳ್ಳೆಯ ಎಣ್ಣೆ ಕೊಡುವವು, ಇವಕ್ಕೇ ಗುಜರಿಯಲ್ಲಿ ಬೆಲೆಯೂ ಇರುವುದು. ಮತ್ತೆ ಪ್ಲಾಸ್ಟಿಕ್ಕೇ ಆಗಬಲ್ಲದ್ದನ್ನು ಸುಡುವ ಎಣ್ಣೆ ಮಾಡುವುದು ದಂಡ. ಪ್ಲಾಸ್ಟಿಕ್ ಪೊಟ್ಟಣಗಳ ಕಸಕ್ಕೆ ಅವನ್ನು ಮಾರುಕಟ್ಟೆಗೆ ಬಿಡುವವರೇ ಹೊಣೆ ಎನ್ನುವ ಕೇಂದ್ರದ 2022ರ ಉತ್ಪಾದಕರ ಹೊಣೆಗಾರಿಕೆ ಮಾರ್ಗಸೂಚಿ ಕೂಡ ಎಣ್ಣೆ ತೆಗೆಯುವುದನ್ನು ಮರುಬಳಕೆಯ ಪಟ್ಟಿಗೆ ಸೇರಿಸದೆ, ಬೇರೆ ದಾರಿಯಿಲ್ಲದ ಕಸದ ಕೊನೆಯ ವಿಲೇವಾರಿ ಎಂದೇ ಇಟ್ಟಿದೆ. ಚೀಟಿ, ಪದರದ ಪೊಟ್ಟಣಗಳನ್ನು ಒಣಗಿಸಿ ಬೇಲು ಕಟ್ಟಿದರೆ ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆಯ ಸಿಮೆಂಟ್ ಗೂಡುಗಳಿಗೆ ಹೋಗುತ್ತವೆ. 1,400 ಡಿಗ್ರಿಗೂ ಮೇಲಿನ ಆ ಗೂಡಿಗೆ ಪೆಟ್ ಒಂದು ಸಮಸ್ಯೆಯೇ ಅಲ್ಲ. ತೆಳು ಕವರುಗಳನ್ನು ಚೂರು ಮಾಡಿ, ಡಾಂಬರಿನ ತೂಕದ ಶೇ. 6–8ರಷ್ಟು ರಸ್ತೆಗೆ ಬೆರೆಸುವ ವಿಧಾನಕ್ಕೆ ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2013ರಲ್ಲೇ ಮಾರ್ಗಸೂಚಿ ಕೊಟ್ಟಿದೆ.

ಪೆಟ್ರೋಲಿಯಂಗೆ ಪರ್ಯಾಯವೇ ಎಂದು ಕೇಳಿದ್ದೀರಿ. ಪ್ಲಾಸ್ಟಿಕ್ ಹುಟ್ಟಿದ್ದೇ ಕಚ್ಚಾ ತೈಲ, ನೈಸರ್ಗಿಕ ಅನಿಲದಿಂದ. ಒಂದು ಕಿಲೊ ಪಾಲಿಥಿನ್ ಯಾವ ರೂಪದಲ್ಲಿ ಉರಿದರೂ 3.1 ಕಿಲೊ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ನೆಲದಡಿಯ ಇಂಗಾಲವೇ ಅದು. ಬಯಲಿನಲ್ಲಿ ಸುಡುವುದಕ್ಕಿಂತ ಸಾವಿರ ಪಾಲು ಮೇಲು, ಒಂದಿಷ್ಟು ಫರ್ನೇಸ್ ಆಯಿಲ್ ಉಳಿಸುತ್ತದೆ, ಅಲ್ಲಿಗೆ ಸರಿ. ಗಾತ್ರವನ್ನೂ ನೋಡಿ: ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020–21ರ ವರದಿಯಂತೆ ದೇಶದ ಪ್ಲಾಸ್ಟಿಕ್ ಕಸ ವರ್ಷಕ್ಕೆ ಸುಮಾರು 41 ಲಕ್ಷ ಟನ್; ಡೀಸೆಲ್ ಬಳಕೆ ಈಚಿನ ವರ್ಷಗಳಲ್ಲಿ 9 ಕೋಟಿ ಟನ್ನಿನ ಹತ್ತಿರ. ಒಂದು ಕವರೂ ಬಿಡದೆ ಎಣ್ಣೆ ಮಾಡಿ ಶೇ. 60 ಇಳುವರಿ ತೆಗೆದರೂ ಡೀಸೆಲ್ಲಿನ ಶೇ. 3 ತುಂಬುವುದಿಲ್ಲ.

ಇಷ್ಟಾದರೂ ತಾಲ್ಲೂಕು ಮಟ್ಟದಲ್ಲಿ ಯಾರಾದರೂ ಯಂತ್ರ ಮಾರಲು ಬಂದರೆ ಅವರ ಮಾದರಿ ಎಣ್ಣೆಯ ಬಾಟಲಿ ನೋಡಿ ತೀರ್ಮಾನಿಸಬೇಡಿ. ನಿಮ್ಮದೇ ಕಸದ 500 ಕಿಲೊ ಒಯ್ದು ಅವರ ಘಟಕದಲ್ಲಿ ಕಣ್ಣೆದುರು ಮೂರು ಸುತ್ತು ಓಡಿಸಲು ಹೇಳಿ. ಒಳಹೋದ ತೂಕ, ಎಣ್ಣೆ, ಮಸಿ, ನೀರು, ಉರಿಸಿದ ಎಲ್‌ಪಿಜಿ ಎಲ್ಲವನ್ನೂ ತಕ್ಕಡಿಯಲ್ಲಿ ಬರೆದುಕೊಳ್ಳಿ. ಎಣ್ಣೆಯ ಫ್ಲಾಶ್ ಪಾಯಿಂಟ್ (ಕಿಡಿಗೆ ಹೊತ್ತಿಕೊಳ್ಳುವ ಉಷ್ಣತೆ) ಮತ್ತು ಕ್ಲೋರಿನ್ ಅಂಕಿಯನ್ನು ನೀವೇ ಆರಿಸಿದ ಪ್ರಯೋಗಾಲಯದಿಂದ ತರಿಸಿ. ಮೂರನೇ ಸುತ್ತು ಮುಗಿದ ಮರುದಿನ ಮೊದಲ ಕಂಡೆನ್ಸರನ್ನು ಬಿಚ್ಚಿಸಿ, ಟಾರ್ಚ್ ಹಿಡಿದು ಒಳಗೆ ನೋಡಿ.